ಗೋಳಗುಮ್ಮಟದಲ್ಲಿ ತನ್ನ ಹೆಸರು ಕೂಗಿದ ಹುಡುಗಿ

(ವಿಜಯಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಪದವಿ ವಿದ್ಯಾರ್ಥಿನಿಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟ್ ಹೋಗಿ ಮೈಕ್ ಕೈಕೊಟ್ಟಾಗಿನ ಹತ್ತು ನಿಮಿಷದ ಹರಟೆಯನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಆತು ನಿಂತವರು ಮುಂದೆ ಬನ್ನಿ, ಮೊದಲ ಸಾಲೇ ಖಾಲಿ ಇದೆ. ಯಾವ ಕಾಲೇಜಿಗೆ ಹೋದರೂ ಇದೇ ಕಥೆ. ಮುಂದೆ ಹೋಗಿ ಕೂತರೆ ಯಾರಾದರೂ ಏನಾದರೂ ಅಂದಾರು ಅನ್ನೋ ಅಳುಕು. ಇವತ್ತಿನ ಮಾತೂ ಸುಮಾರು ಆ ಅಳುಕಿನದ್ದೇ.

ಇವತ್ತು ಭಾನುವಾರ. ಊರಿಂದ ಬುತ್ತಿ ಕಟ್ಟಿಕೊಂಡು ಬಂದ ತಾಯಂದಿರೂ ಕೆಲವರು ಕೂತಿದ್ದೀರಿ. ಒಳ್ಳೆಯದೇ ಆಯಿತು. ನಿಮ್ಮ ಹತ್ತಿರವೂ ಮಾತಾಡೋದಿದೆ.

ನನಗೆ ಕೊಟ್ಟ ವಿಷಯ 'ಕಾಲೇಜು ವಿದ್ಯಾರ್ಥಿನಿಯರಲ್ಲಿ ಸ್ವಮೋಹ, ಸ್ವಾಭಿಮಾನ ಮತ್ತು ಒತ್ತಡ'. ಕೇಳಿದರೇ ಒತ್ತಡ ಆಗುತ್ತೆ, ಅಲ್ವಾ? ಅದಕ್ಕೇ ಹೋದ ವಾರ ನಿಮ್ಮ ಊಟದ ಹಾಲಿನಲ್ಲಿ ಒಂದು ಖಾಲಿ ಬಿಸ್ಕತ್ ಡಬ್ಬಿ ಇಡಿಸಿದ್ದೆ. ಹೆಸರು ಹಾಕದೆ ಒಂದೊಂದು ಚೀಟಿ ಬರೆದು ಹಾಕಿ ಅಂದಿದ್ದೆ. ಕೇಳಿದ್ದು ಒಂದೇ ಪ್ರಶ್ನೆ. ಈ ವರ್ಷ ನಿಮ್ಮ ಬಗ್ಗೆ ಯಾರೋ ಆಡಿದ ಯಾವ ಮಾತು ಇನ್ನೂ ಚುಚ್ಚುತ್ತಿದೆ?

ಡಬ್ಬಿ ತುಂಬಿತ್ತು. ಕಪ್ಪಗಿದ್ದೀ, ದಪ್ಪಗಿದ್ದೀ ಅನ್ನೋವು ಬರುತ್ತವೆ ಅಂತ ಗೊತ್ತಿತ್ತು, ಬಂದವು. ನಾನು ಎಣಿಸದೇ ಇದ್ದದ್ದು ಬೇರೆ. ಒಂದೇ ಶಬ್ದ, ಬೇರೆ ಬೇರೆ ಕೈಬರಹದಲ್ಲಿ, ಮತ್ತೆ ಮತ್ತೆ. ಸೊಕ್ಕು. 'ಆಕಿಗೆ ಸೊಕ್ಕು ಭಾಳ.' 'ಕಾಲೇಜಿಗೆ ಹೋಗಾಕ ಹತ್ತಿ ಧಿಮಾಕು ಬಂದೈತಿ.' 'ಫೋನ್ ಬಂದ ಮ್ಯಾಲ ಡೌಲು ನೋಡ್ರಿ ಇಕಿದು.' ಒಂದು ಚೀಟಿ ಮಾತ್ರ ಸ್ವಲ್ಪ ಉದ್ದ ಇತ್ತು. ಅದನ್ನು ಪೂರ್ತಿ ಓದುತ್ತೇನೆ: 'ಫಸ್ಟ್ ಬಂದೆ ಅಂತ ಹೇಳಿದ್ರ ಸೊಕ್ಕು ಅಂತಾರ. ಹೇಳದ ಸುಮ್ಮ ಇದ್ರ, ಇಷ್ಟು ರೊಕ್ಕಾ ಹಾಕಿ ಕಲಿಸೀವಿ, ಏನ್ ಮಾಡೀದಿ ಅಂತಾರ. ನಾ ಏನ್ ಮಾಡ್ಲಿ ಮೇಡಂ?'

ನನ್ನ ಹತ್ತಿರ ಇದಕ್ಕೆ ತಕ್ಷಣದ ಉತ್ತರ ಇರಲಿಲ್ಲ. ಅದರ ಬದಲು ನನ್ನದೇ ಒಂದು ತಪ್ಪು ನೆನಪಾಯಿತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಬಿ.ಎ. ಮೊದಲ ವರ್ಷದ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಇದೇ ಊರಲ್ಲಿ ಓದಿದರೂ ಅರ್ಧ ಜನ ಅದರ ಮೇಲೆ ಹತ್ತಿರಲಿಲ್ಲ. ಇದು ಮಹಮ್ಮದ್ ಆದಿಲ್ ಶಾಹನ ಗೋರಿ, 1656ರ ಹೊತ್ತಿನದು, ಗುಮ್ಮಟದ ಅಗಲ ಸುಮಾರು 44 ಮೀಟರ್ ಅಂತೆಲ್ಲ ಹೇಳುತ್ತಾ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿಸಿದೆ. ಮೇಲಿನ ಗ್ಯಾಲರಿಗೆ ಬಂದ ಕೂಡಲೇ ಯಾರಿಗೂ ಇತಿಹಾಸ ಬೇಡವಾಯಿತು. ಎಲ್ಲರಿಗೂ ಕೂಗಬೇಕು. ಹುಡುಗರು ತಮ್ಮ ತಮ್ಮ ಹೆಸರು ಕೂಗಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು, ಗೆಳತಿಯ ಹೆಸರು ಕೂಗಿ ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕರು. ಒಬ್ಬಳು ಮಾತ್ರ ತನ್ನ ಹೆಸರನ್ನೇ, ಮನೆತನದ ಹೆಸರು ಸಮೇತ, ಗಟ್ಟಿಯಾಗಿ ಕೂಗಿದಳು. ಅದು ಸುತ್ತು ಹಾಕಿ ಹಾಕಿ ತಿರುಗಿ ಬಂತು. ನಾನು ನಕ್ಕು ಅಂದೆ: 'ಏನವ್ವಾ, ಎಷ್ಟು ಸೊಕ್ಕು ನಿಂದು!'

ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ಅಲ್ಲಿ ಈ ಕಡೆ ಪಿಸುಗುಟ್ಟಿದ್ದು ಆ ಕಡೆಯ ಗೋಡೆಗೆ ನಿಂತವರಿಗೆ ಕೇಳುತ್ತೆ. ನನ್ನ ಮಾತೂ ಎಲ್ಲರಿಗೂ ಕೇಳಿತ್ತು. ಮರುದಿನದಿಂದ ಕ್ಲಾಸಿನಲ್ಲಿ ಆಕೆ 'ಸೊಕ್ಕಿನಾಕಿ' ಆದಳು. ಮೊದಲು ಪ್ರಶ್ನೆ ಕೇಳಿದರೆ ಕೈ ಎತ್ತುತ್ತಿದ್ದವಳು ಎತ್ತೋದು ನಿಲ್ಲಿಸಿದಳು. ನನಗೆ ಗೊತ್ತಾಗಿದ್ದು ಎರಡನೇ ಸೆಮಿಸ್ಟರ್ ಮುಗಿಯುವಾಗ. ಮನಃಶಾಸ್ತ್ರ ಹೇಳಿಕೊಡೋ ಅಕ್ಕೋರ ಕಥೆ ಇದು. ಉಳಿದವರದ್ದು ಕೇಳಲೇಬೇಡಿ.

ಆ ಹುಡುಗರಿಗೆ ನಾನು ಏನೂ ಅಂದಿರಲಿಲ್ಲ ಅನ್ನೋದು ಹೊಳೆದದ್ದು ಇನ್ನೂ ತಡವಾಗಿ.

ಈಗ ಸ್ವಮೋಹಕ್ಕೆ ಬರೋಣ. ಇಂಗ್ಲಿಷಿನಲ್ಲಿ ನಾರ್ಸಿಸಿಸಂ ಅಂತಾರಲ್ಲ, ಅದು. ರೀಲ್ಸ್‌ನಲ್ಲಿ ಈಗ ಎಲ್ಲರೂ ನಾರ್ಸಿಸಿಸ್ಟರೇ. ಬಿಟ್ಟು ಹೋದ ಗೆಳೆಯ, ಅತ್ತೆ, ಮೇಲಿನ ರೂಮಿನ ಸೀನಿಯರ್, ಎಲ್ಲರೂ. ಆ ಹೆಸರು ಬಂದದ್ದು ಗ್ರೀಕರ ಹಳೇ ಕಥೆಯಿಂದ. ನಾರ್ಸಿಸಸ್ ಅನ್ನೋ ಚೆಲುವ ಹುಡುಗ ಕೊಳದ ನೀರಲ್ಲಿ ತನ್ನ ಮುಖ ನೋಡಿ ಮರುಳಾಗಿ, ಅಲ್ಲಿಂದ ಏಳಲಾರದೆ ಅಲ್ಲೇ ಕೊನೆಯಾಗುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಕಥೆಯಲ್ಲಿ ಒಬ್ಬ ಹುಡುಗಿಯೂ ಇದ್ದಾಳೆ. ಅವಳ ಹೆಸರು ಎಕೋ. ಅವಳಿಗೊಂದು ಶಾಪ. ತಾನಾಗಿ ಮಾತಾಡೋ ಹಾಗಿಲ್ಲ, ಬೇರೆಯವರು ಆಡಿದ ಕೊನೆಯ ಮಾತನ್ನು ಮಾತ್ರ ತಿರುಗಿ ಹೇಳಬೇಕು. ಅವನ ಹಿಂದೆ ಅಲೆದು ಅಲೆದು ಮೈ ಕರಗಿ ಕೊನೆಗೆ ಬರೀ ದನಿ ಉಳಿಯಿತು. ಪ್ರತಿಧ್ವನಿಗೆ ಇಂಗ್ಲಿಷಿನವರು ಎಕೋ ಅನ್ನೋದು ಅವಳಿಂದಲೇ.

ಅವನ ಹೆಸರಲ್ಲಿ ಕಾಯಿಲೆಯೇ ಇದೆ. ಅವಳ ಕಷ್ಟಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತು ಈ ಹಾಲಿನಲ್ಲಿ ನಾರ್ಸಿಸಸ್‌ಗಳು ಎಷ್ಟು, ಎಕೋಗಳು ಎಷ್ಟು ಅಂತ ನನ್ನನ್ನು ಕೇಳಿದರೆ, ಡಬ್ಬಿಯ ಚೀಟಿ ಓದಿದ ಮೇಲೆ ನನಗೇನೂ ಅನುಮಾನ ಇಲ್ಲ.

ಈ ಶಬ್ದ ಮನಸ್ಸಿನ ವೈದ್ಯರ ಕೈಗೆ ಬಂದದ್ದು 19ನೇ ಶತಮಾನದ ಕೊನೆಗೆ. 1914ರಲ್ಲಿ ಫ್ರಾಯ್ಡ್ ಇದರ ಮೇಲೆ ದೊಡ್ಡ ಪ್ರಬಂಧ ಬರೆದ. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಇದನ್ನೊಂದು ವ್ಯಕ್ತಿತ್ವದ ತೊಂದರೆ ಅಂತ ಸೇರಿಸಿದರು. ಈಗಿನ ಕೈಪಿಡಿಯಲ್ಲಿ ಅದಕ್ಕೆ 9 ಲಕ್ಷಣ ಇವೆ, ಅದರಲ್ಲಿ ಕನಿಷ್ಠ 5 ಇರಬೇಕು. ಅದೂ ಒಂದು ದಿನ, ಒಂದು ಜಗಳದಲ್ಲಲ್ಲ. ವರ್ಷಗಟ್ಟಲೆ, ಮನೆಯಲ್ಲೂ ಹೊರಗೂ, ಸ್ವಭಾವವೇ ಆಗಿ ಕೂತಿರಬೇಕು. ತಾನೇ ದೊಡ್ಡವಳು ಅನ್ನೋದು ಒಂದೇ ಸಾಲದು. ಎದುರಿಗಿರೋರ ನೋವು ತಟ್ಟದೇ ಇರೋದು, ನನಗೆ ಎಲ್ಲ ಸಲ್ಲಬೇಕು ಅನ್ನೋದು, ಕೆಲಸಕ್ಕಾಗಿ ಜನರನ್ನು ಬಳಸಿ ಬಿಡೋದು ಇವೂ ಅದರಲ್ಲಿವೆ. ದಿನಕ್ಕೆ ನಾಲ್ಕು ಸ್ಟೇಟಸ್ ಹಾಕೋದು ಆ ಪಟ್ಟಿಯಲ್ಲಿ ಇಲ್ಲ. (ನಗು)

ಕಾಯಿಲೆ ಅಲ್ಲದ, ಎಲ್ಲರಲ್ಲೂ ಹೆಚ್ಚುಕಡಿಮೆ ಇರೋ ಸ್ವಮೋಹವನ್ನು ಅಳೆಯೋಕೂ ಒಂದು ಪ್ರಶ್ನಾವಳಿ ಇದೆ. 1979ರಲ್ಲಿ ರಾಸ್ಕಿನ್ ಮತ್ತು ಹಾಲ್ ಶುರುಮಾಡಿದ್ದು. 1988ರಿಂದ ಅದರ 40 ಪ್ರಶ್ನೆಗಳ ರೂಪ ಬಳಕೆಯಲ್ಲಿದೆ. ಪ್ರತಿ ಪ್ರಶ್ನೆಗೂ ಎರಡು ಹೇಳಿಕೆ. ಯಾವುದು ನಿಮಗೆ ಹತ್ತಿರವೋ ಅದನ್ನು ಆರಿಸಬೇಕು. ಒಂದನ್ನು ಆರಿಸಿದರೆ ಸ್ವಮೋಹದ ಲೆಕ್ಕಕ್ಕೆ ಒಂದು ಅಂಕ. ಮೊನ್ನೆ ಇಲ್ಲಿಗೆ ಬರೋ ಮೊದಲು ಅದನ್ನು ಮತ್ತೆ ಓದುತ್ತಾ ಕೂತಿದ್ದೆ. ಅದರಲ್ಲಿ ಒಂದು ಹೇಳಿಕೆಯ ಅರ್ಥ ಹೀಗಿದೆ: ನನಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು ಅಂತ ಪಟ್ಟು ಹಿಡಿಯುತ್ತೇನೆ. ಅದರ ಜೋಡಿ: ನನಗೆ ಸಲ್ಲಬೇಕಾದ ಗೌರವ ಸಾಮಾನ್ಯವಾಗಿ ಸಿಗುತ್ತದೆ.

ಈಗ ಹೇಳಿ. ಸಿಂದಗಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. 2023ರ ಜೂನ್‌ನಿಂದ ಟಿಕೆಟ್ ಫ್ರೀ ಆಯಿತು. ಅದರ ಜೊತೆಗೇ 'ಫ್ರೀ ಬಸ್ಸಿನಾಗ ಅಡ್ಡಾಡಾಕ ಬಂದಾರ' ಅನ್ನೋ ಮಾತೂ ಬಂತು. ಸೀಟು ಇದ್ದರೂ ಏಳು ಅಂತಾರೆ. ಆಕೆ ಏಳಲ್ಲ ಅಂದಳು ಅಂತಿಟ್ಟುಕೊಳ್ಳಿ. ಮಧ್ಯಾಹ್ನ ಈ ಪ್ರಶ್ನಾವಳಿ ಆಕೆಯ ಕೈಗೆ ಬಂದರೆ ಆಕೆ ಯಾವುದಕ್ಕೆ ಗುರುತು ಹಾಕಬೇಕು? ಗೌರವ ತಾನಾಗೇ ಸಿಗುತ್ತೆ ಅಂದರೆ ಸುಳ್ಳು. ಪಟ್ಟು ಹಿಡಿಯುತ್ತೇನೆ ಅಂದರೆ ಸ್ವಮೋಹಕ್ಕೆ ಒಂದು ಅಂಕ. ಪ್ರಶ್ನಾವಳಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಊರಿನ, ಬೇರೆ ಥರದ ಕಾಲೇಜು ಮಕ್ಕಳಿಗೆ ಹೊಲಿದ ಅಂಗಿ. ಇಲ್ಲಿ ತೊಟ್ಟರೆ ಎಲ್ಲೆಲ್ಲಿ ಬಿಗಿಯುತ್ತೆ ಅಂತ ನೋಡಿಕೊಳ್ಳದೆ ಅಂಕ ಕೂಡಿಸಬಾರದು, ಅಷ್ಟೇ. ಎಂ.ಎ.ಗೆ ಪ್ರಾಜೆಕ್ಟ್ ಮಾಡೋರು ಇಲ್ಲಿದ್ದರೆ ಇದನ್ನು ಬರೆದುಕೊಳ್ಳಿ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಶ್ನಾವಳಿ ಇಟ್ಟು ನೋಡಿ. ಇದು ಸ್ವಾಭಿಮಾನದ್ದು. 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಅನ್ನೋ ಸಮಾಜಶಾಸ್ತ್ರಜ್ಞ ನ್ಯೂಯಾರ್ಕ್ ರಾಜ್ಯದ 10 ಪ್ರೌಢಶಾಲೆಗಳ 5,024 ಮಕ್ಕಳನ್ನು ಕೇಳಿ ಮಾಡಿದ್ದು. ಬರೀ 10 ಹೇಳಿಕೆ. ಇವತ್ತಿಗೂ ಸ್ವಾಭಿಮಾನ ಅಳೆಯೋಕೆ ಎಲ್ಲರೂ ಮೊದಲು ಕೈ ಹಾಕೋದು ಇದಕ್ಕೇ. ಅದರ ಒಂದು ಹೇಳಿಕೆ ನನಗೆ ತುಂಬ ಇಷ್ಟ. ನನಗೂ ಬೆಲೆ ಇದೆ, ಕಡೇಪಕ್ಷ ಉಳಿದವರ ಸರಿಸಮ ಇದ್ದೇನೆ ಅನ್ನೋ ಅರ್ಥದ್ದು. ಸರಿಸಮ ಅನ್ನೋದನ್ನು ಗಮನಿಸಿ. ಮೇಲೆ ಅಲ್ಲ. ಸ್ವಮೋಹದ ಪ್ರಶ್ನಾವಳಿಯಲ್ಲೋ, ನಾನು ಬೇರೆಯವರಿಗಿಂತ ಸಮರ್ಥಳು ಅಂದರೆ ಅಂಕ. ಬೇರೆಯವರಿಂದ ಕಲಿಯೋದು ಬೇಕಾದಷ್ಟಿದೆ ಅಂದರೆ ಸೊನ್ನೆ.

ಸ್ವಾಭಿಮಾನಿಗೆ ಪಕ್ಕದಲ್ಲಿ ಯಾರು ಕೂತರೂ ನಡೆಯುತ್ತೆ. ಸ್ವಮೋಹ ಇದ್ದವಳಿಗೆ ತನ್ನ ಕೆಳಗೆ ಯಾರಾದರೂ ಬೇಕೇ ಬೇಕು. ನಮ್ಮ ಆಡುಮಾತಿನಲ್ಲಿ ಈ ಎರಡಕ್ಕೂ ಸೊಕ್ಕು ಅಂತ ಒಂದೇ ಶಬ್ದ ಹಾಕಿ ಬಿಡುತ್ತೇವೆ. ಹೆಣ್ಣಾದರೆ ಮಾತ್ರ. ಗಂಡಾದರೆ 'ಖಡಕ್ ಅದಾನ' ಅಂತೀವಿ.

ಈ ಊರಲ್ಲೇ 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ರಾಜ ಬೇಡ, ಅರಮನೆ ಬೇಡ ಅಂತ ಒಬ್ಬಳೇ ಹೊರಟು ಬಂದ ಅಕ್ಕನಿಗೆ ಆಗಿನ ಓಣಿಯ ಜನ ಏನಂದಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಕನ್ನಡಿ ವಿಷಯಕ್ಕೆ ಬರ್ತೀನಿ. ನಿಮ್ಮ ಹಾಸ್ಟೆಲಿನಲ್ಲಿ ಬೆಳಗ್ಗೆ ಕನ್ನಡಿ ಮುಂದೆ ಕ್ಯೂ ಇರುತ್ತಂತೆ, ವಾರ್ಡನ್ ಹೇಳಿದರು. ಹುಡುಗಿಯರಿಗೆ ತಮ್ಮದೇ ಮೋಹ ಜಾಸ್ತಿ ಅಂತ ಅದನ್ನೇ ಸಾಕ್ಷಿ ಮಾಡುತ್ತಾರೆ. 2015ರಲ್ಲಿ ಎಮಿಲಿ ಗ್ರಿಹಾಲ್ವ ಮತ್ತು ಜೊತೆಯವರು 31 ವರ್ಷದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. 4,75,000ಕ್ಕೂ ಹೆಚ್ಚು ಜನರ ಲೆಕ್ಕ. ಸ್ವಮೋಹದಲ್ಲಿ ಗಂಡಸರೇ ಸ್ವಲ್ಪ ಮುಂದೆ. ಯಾವುದರಲ್ಲಿ ಜಾಸ್ತಿ ಮುಂದೆ? 'ನನಗೆ ಸಲ್ಲಬೇಕು' ಅನ್ನೋ ಹಕ್ಕಿನ ಭಾವದಲ್ಲಿ. ಆಮೇಲೆ ಅಧಿಕಾರ ನಡೆಸೋ ಆಸೆಯಲ್ಲಿ. ತೋರಿಸಿಕೊಳ್ಳೋದು, ಕನ್ನಡಿ ನೋಡಿಕೊಳ್ಳೋದು ಇದೆಯಲ್ಲ, ಅದರಲ್ಲಿ ಗಂಡು ಹೆಣ್ಣಿಗೆ ವ್ಯತ್ಯಾಸ ಇಲ್ಲ ಅನ್ನೋವಷ್ಟು ಕಡಿಮೆ. ಅಂದರೆ ನಾವು ಬೈಯೋದು ಕನ್ನಡಿಗೆ. ವ್ಯತ್ಯಾಸ ಇರೋದು ಕುರ್ಚಿಯಲ್ಲಿ.

ಹಾಗಂತ ಹುಡುಗಿಯರಲ್ಲಿ ಸ್ವಮೋಹ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೆ ಎರಡು ಮುಖ ಅಂತ 1991ರಲ್ಲಿ ಪಾಲ್ ವಿಂಕ್ ತೋರಿಸಿದರು. ಒಂದು ಎದೆ ಉಬ್ಬಿಸಿ ನಡೆಯೋದು. ಇನ್ನೊಂದು ಒಳಗೆ ಕುದಿಯೋದು. ಎರಡನೆಯದರಲ್ಲಿ ಹೆಣ್ಣು ಗಂಡು ಸಮಸಮ. ಅದು ನೋಡೋಕೆ ಸೊಕ್ಕಿನ ಹಾಗೆ ಕಾಣೋದೇ ಇಲ್ಲ. ನಾಚಿಕೆ, ಮೌನ, ಮುಖ ಉಬ್ಬಿಸೋದು. ರೂಮಿನಲ್ಲಿ ಒಬ್ಬಳಿರುತ್ತಾಳೆ. ಗೆಳತಿಗೆ ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಜಾಸ್ತಿ ಬಂದರೆ ಮೂರು ದಿನ ಮಾತು ಬಿಡುತ್ತಾಳೆ. ಯಾಕೆ ಅಂತ ಕೇಳಿದರೆ ತಲೆನೋವು ಅಂತಾಳೆ. ಸಣ್ಣ ತಮಾಷೆ ಮಾಡಿದರೆ ಆರು ತಿಂಗಳು ನೆನಪಿಟ್ಟುಕೊಳ್ಳುತ್ತಾಳೆ. ಒಳಗೊಳಗೆ, ನಾನು ಎಲ್ಲರಂಥವಳಲ್ಲ, ನನ್ನನ್ನು ಯಾರೂ ಗುರುತಿಸುತ್ತಿಲ್ಲ ಅನ್ನೋ ಬೇಗೆ. ಅವಳಿಗೆ ಯಾರೂ ಸೊಕ್ಕು ಅನ್ನಲ್ಲ. 'ಬಂಗಾರದಂಥ ಹುಡುಗಿ, ಮಾತೇ ಇಲ್ಲ' ಅಂತಾರೆ. (ಹಿಂದಿನಿಂದ ಜೋರು ನಗು. ಯಾರೋ ಯಾರನ್ನೋ ತಿವಿದರು.) ತಿವಿಯಬೇಡಿ. ನಾವೆಲ್ಲ ಯಾವುದೋ ಒಂದು ಸೆಮಿಸ್ಟರ್‌ನಲ್ಲಿ ಹಾಗೆ ಇದ್ದವರೇ.

ಸರಿ, ಸ್ವಾಭಿಮಾನ ಇದ್ದರೆ ಎಲ್ಲ ಸರಿಹೋಗುತ್ತಾ? 1986ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಹಾಗೇ ನಂಬಿ ಒಂದು ಕಾರ್ಯಪಡೆಯನ್ನೇ ಮಾಡಿತ್ತು. ಮಕ್ಕಳಿಗೆ ನೀನು ಗ್ರೇಟ್ ಅಂತ ಹೇಳಿದರೆ ಓದು, ನಡತೆ ಎಲ್ಲ ಸುಧಾರಿಸುತ್ತೆ ಅಂತ. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತಿತರರು ಸಂಶೋಧನೆಗಳನ್ನೆಲ್ಲ ಜಾಲಾಡಿ, ಸ್ವಾಭಿಮಾನ ಏರಿಸಿದರೆ ಅಂಕ ಏರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಅಂದರು. ಅಂಕ ಬಂದಾಗ ಸ್ವಾಭಿಮಾನ ಏರೋದೇ ಜಾಸ್ತಿ. ಹಾಗಾದರೆ ಅಂಕ ಇಳಿದಾಗ?

ಇಲ್ಲೇ ನನಗೆ ಹೇಳಬೇಕಾದ್ದು ಇರೋದು. ಸ್ವಾಭಿಮಾನ ಎಷ್ಟಿದೆ ಅಂತ ಕೇಳೋದಕ್ಕಿಂತ, ಅದನ್ನು ಯಾವ ಗೂಟಕ್ಕೆ ನೇತುಹಾಕಿದ್ದೀರಿ ಅಂತ ಕೇಳಬೇಕು.

ಜೆನ್ನಿಫರ್ ಕ್ರಾಕರ್ ಅನ್ನೋ ಮನಃಶಾಸ್ತ್ರಜ್ಞೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಹುಡುಕಿದರು. ಕಾಲೇಜಿಗೆ ಹೊಸದಾಗಿ ಬಂದ 600ಕ್ಕೂ ಹೆಚ್ಚು ಮಕ್ಕಳನ್ನು ಒಂದು ವರ್ಷ ಗಮನಿಸಿದರು. ಅವರು ಕಂಡುಕೊಂಡ ಗೂಟಗಳು 7. ಓದು, ರೂಪ, ಬೇರೆಯವರ ಮೆಚ್ಚುಗೆ, ಪೈಪೋಟಿಯಲ್ಲಿ ಗೆಲ್ಲೋದು, ಮನೆಯವರ ಆಸರೆ, ಒಳ್ಳೆಯತನ, ದೇವರ ಪ್ರೀತಿ. ತಮ್ಮ ಬೆಲೆಯನ್ನು ಹೊರಗಿನ ಗೂಟಕ್ಕೆ, ಅಂದರೆ ರೂಪ, ಮೆಚ್ಚುಗೆ, ಅಂಕಗಳಿಗೆ ನೇತುಹಾಕಿದವರಲ್ಲಿ ಒತ್ತಡ, ಸಿಟ್ಟು, ಜಗಳ ಜಾಸ್ತಿ ಕಂಡವು. ಇನ್ನೊಂದು ಸೋಜಿಗ ಇದೆ. ಅಂಕವೇ ನನ್ನ ಬೆಲೆ ಅಂದುಕೊಂಡ ಮಕ್ಕಳು ವಾರದಲ್ಲಿ ಹೆಚ್ಚು ತಾಸು ಓದುತ್ತಿದ್ದರು. ಆದರೂ ಅಂಕ ಮಾತ್ರ ಜಾಸ್ತಿ ಬರಲಿಲ್ಲ.

ಯಾಕೆ ಅಂತ ನಿಮಗೇ ಗೊತ್ತು. ಪೇಪರ್ ಕೈಗೆ ಬರುತ್ತೆ. ಮೊದಲ ಪ್ರಶ್ನೆ ಬರಲ್ಲ. ಸುಮ್ನೆ ಪ್ರಶ್ನೆ ಬರಲಿಲ್ಲ ಅಂದುಕೊಂಡವಳು ಎರಡನೆಯದಕ್ಕೆ ಹೋಗುತ್ತಾಳೆ. ನಾನೇ ದಡ್ಡಿ ಅಂದುಕೊಂಡವಳು ಅಲ್ಲೇ ಕೂರುತ್ತಾಳೆ. ಕೈ ಬೆವರುತ್ತೆ. ಅಪ್ಪ ಹೊಲದ ಮೇಲೆ ಸಾಲ ಮಾಡಿದ್ದು ನೆನಪಾಗುತ್ತೆ. ಅರ್ಧ ತಾಸು ಹೋಯಿತು.

ನಮ್ಮ ಕಡೆಯ ಗೂಟಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಿಶಿಗನ್‌ನಲ್ಲಿ ಕನ್ಯಾ ನೋಡೋಕೆ ಯಾರೂ ಬರಲ್ಲ. ಇಲ್ಲಿ ಬರುತ್ತಾರೆ. ಐದನೇ ಸೆಮಿಸ್ಟರ್ ಹೊತ್ತಿಗೆ, ಕೆಲವರಿಗೆ ಮೂರನೆಯದಕ್ಕೇ, ಶನಿವಾರ ಸಂಜೆ ಮನೆಯಿಂದ ಫೋನ್. 'ನಾಳೆ ಊರಿಗೆ ಬಾ, ಮಂದಿ ಬರಾಕತ್ತಾರ.' ಹೋಗುತ್ತೀರಿ. ಚಹಾ ಕೊಡುತ್ತೀರಿ. ಬಂದವರು ಎತ್ತರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಏನು ಕಲಿತೀ ಅಂತ ಕೇಳಿ ಉತ್ತರ ಬರೋ ಮೊದಲೇ ಶೇಂಗಾ ಹೋಳಿಗೆಗೆ ಕೈ ಹಾಕುತ್ತಾರೆ. ಸೋಮವಾರ ಬೆಳಗ್ಗೆ ವಾಪಸ್. ಮಂಗಳವಾರ ಇಂಟರ್ನಲ್ಸ್. ಬುಧವಾರ ಸುದ್ದಿ ಬರುತ್ತೆ, ಹುಡುಗನ ಕಡೆಯವರಿಗೆ ಒಪ್ಪಿಗೆ ಇಲ್ಲ ಅಂತ. ನಿಮಗೇ ಆ ಹುಡುಗ ಬೇಕಿರಲಿಲ್ಲ. ಮುಂದೆ ಓದಬೇಕು ಅಂತಿತ್ತು. ಆದರೂ ಅವರು ಬೇಡ ಅಂದದ್ದಕ್ಕೆ ಯಾಕೋ ಅಳು ಬಂತು. ಹೀಗೆ ಒಬ್ಬಳು ಚೀಟಿಯಲ್ಲಿ ಬರೆದಿದ್ದಾಳೆ. 'ನನಗ ಬ್ಯಾಡಾಗಿತ್ತು, ಮತ್ಯಾಕ ಅತ್ತೆ?' ಅಂತ. ಯಾಕೆಂದರೆ, ತಂಗಿ, ಆ ದಿನ ನಿನ್ನ ಬೆಲೆಯನ್ನು ಆ ಗೂಟಕ್ಕೆ ನೇತುಹಾಕಿದ್ದು ನೀನಲ್ಲ, ಮನೆಯವರೆಲ್ಲ ಸೇರಿ. ಗೂಟ ಮುರಿದಾಗ ಬಿದ್ದದ್ದು ಮಾತ್ರ ನಿನ್ನದು.

ಆ ಫೋನ್ ಕರೆಯೇ ಒತ್ತಡದ ಒಳ್ಳೆ ಉದಾಹರಣೆ. ಶೆಲ್ಡನ್ ಕೋಹೆನ್ ಮತ್ತು ಜೊತೆಯವರು 1983ರಲ್ಲಿ ಒತ್ತಡ ಅಳೆಯೋ ಪ್ರಶ್ನಾವಳಿ ಮಾಡಿದರು. ಈಗ ಹೆಚ್ಚಾಗಿ ಬಳಸೋದು 10 ಪ್ರಶ್ನೆಯದ್ದು. ಅದು ನಿಮಗೆ ಎಷ್ಟು ಕೆಲಸ ಇದೆ ಅಂತ ಕೇಳೋದೇ ಇಲ್ಲ. ಹೋದ ಒಂದು ತಿಂಗಳಲ್ಲಿ ಮುಖ್ಯವಾದ ಸಂಗತಿಗಳು ನಿಮ್ಮ ಕೈಯಲ್ಲಿಲ್ಲ ಅಂತ ಎಷ್ಟು ಸಲ ಅನಿಸಿತು, ಎಣಿಸದೇ ಇದ್ದದ್ದು ನಡೆದು ಎಷ್ಟು ಸಲ ಕಂಗಾಲಾದಿರಿ, ಹೀಗೆ ಕೇಳುತ್ತೆ. ಕೈಯಲ್ಲಿ ಹಿಡಿತ ಇದೆಯಾ ಇಲ್ಲವಾ ಅನ್ನೋದೇ ಅದರ ತಿರುಳು. ಬೆಳಗ್ಗೆ ನಾಲ್ಕಕ್ಕೆ ಎದ್ದು ಓದೋ ಹುಡುಗಿಗೆ ಕೆಲಸ ಜಾಸ್ತಿ, ಒತ್ತಡ ಕಡಿಮೆ ಇರಬಹುದು. ಆರಾಮಾಗಿ ಕೂತವಳಿಗೆ ಮುಂದಿನ ವರ್ಷ ಕಾಲೇಜು ಇರುತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ ನಿದ್ದೆ ಬರಲ್ಲ.

ದೇಹದ ಕಡೆಯ ಮಾತು ಬೇಗ ಮುಗಿಸುತ್ತೇನೆ, ನಿಮ್ಮಲ್ಲಿ ಸೈನ್ಸ್ ಓದೋರಿಗೆ ಗೊತ್ತಿದೆ. ಅಪಾಯ ಕಂಡರೆ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನು ಏರುತ್ತೆ, ಹಿಂದೆಯೇ ಕಾರ್ಟಿಸಾಲ್ ಅನ್ನೋ ಇನ್ನೊಂದು. ನಾಯಿ ಅಟ್ಟಿಸಿಕೊಂಡು ಬಂದಾಗ ಅದು ಬೇಕು. ನಾಯಿ ಹೋದ ಮೇಲೆ ಇಳಿಯಬೇಕು. ಹ್ಯಾನ್ಸ್ ಸೆಲ್ಯೆ ಅನ್ನೋ ಸಂಶೋಧಕ 1936ರಲ್ಲೇ ತೋರಿಸಿದ ಹಾಗೆ, ಒತ್ತಡ ಬಹಳ ದಿನ ಇಳಿಯದೇ ಉಳಿದರೆ ಮೈಯೇ ಸೋಲುತ್ತೆ. ನಿದ್ದೆ ಕೆಡೋದು, ಹೊಟ್ಟೆ ಕೆಡೋದು, ಕೆಲವರಿಗೆ ತಿಂಗಳ ಮುಟ್ಟು ಹಿಂದೆಮುಂದೆ ಆಗೋದು. ಅದಕ್ಕೆ ನಾಚಿಕೊಂಡು ಸುಮ್ಮನೆ ಕೂರಬೇಡಿ. ಡಾಕ್ಟರಿಗೆ ತೋರಿಸಿ. ಬೇರೆ ಕಾರಣವೂ ಇರಬಹುದು.

ಫೋನಿನ ಬಗ್ಗೆ ಬೈಯೋದು ಬೇಡ ಅಂದುಕೊಂಡೇ ಬಂದಿದ್ದೇನೆ. ಒಂದೇ ಮಾತು. ಗ್ಯಾಲರಿಯಲ್ಲಿ ಕೂಗಿದರೆ ಕೂಗಿದ್ದೇ ವಾಪಸ್ ಬರುತ್ತೆ. ಸ್ಟೇಟಸ್ ಹಾಕಿದರೆ ಏನು ವಾಪಸ್ ಬರುತ್ತೆ, ಎಷ್ಟು ಬರುತ್ತೆ, ಯಾವಾಗ ಬರುತ್ತೆ ಗೊತ್ತಿಲ್ಲ. ಯಾರು ನೋಡಿದರು ಅಂತ ಹತ್ತು ಸಲ ತೆಗೆದು ನೋಡೋದು ಅದಕ್ಕೇ. ಅಲ್ಲೂ ಹಿಡಿತ ನಿಮ್ಮ ಕೈಯಲ್ಲಿಲ್ಲ.

ತಾಯಂದಿರೇ, ಈಗ ನಿಮ್ಮ ಸರದಿ. ಹಾಗಾದರೆ ಮಕ್ಕಳನ್ನು ಹೊಗಳಬೇಕೋ ಬೇಡವೋ ಅಂತ ನೀವು ಕೇಳುತ್ತೀರಿ. ನೆದರ್‌ಲ್ಯಾಂಡ್ಸ್‌ನಲ್ಲಿ ಎಡ್ಡಿ ಬ್ರುಮ್ಮೆಲ್ಮನ್ ಅನ್ನೋವರು 7ರಿಂದ 11 ವರ್ಷದ 565 ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಆರಾರು ತಿಂಗಳಿಗೊಮ್ಮೆ ನಾಲ್ಕು ಸಲ ಕೇಳಿದರು. 2015ರಲ್ಲಿ ಪ್ರಕಟವಾಯಿತು. ನಮ್ಮ ಮಗು ಉಳಿದ ಮಕ್ಕಳಿಗಿಂತ ಹೆಚ್ಚು, ವಿಶೇಷ ಅಂತ ಏರಿಸಿಟ್ಟ ಮನೆಯಲ್ಲಿ ಕಾಲ ಹೋದ ಹಾಗೆ ಸ್ವಮೋಹ ಬೆಳೆಯಿತು, ಸ್ವಾಭಿಮಾನ ಅಲ್ಲ. ಪ್ರೀತಿ, ಅಕ್ಕರೆ ತೋರಿಸಿದ ಮನೆಯಲ್ಲಿ ಸ್ವಾಭಿಮಾನ ಬೆಳೆಯಿತು. ಎರಡೂ ಒಂದೇ ಅಲ್ಲ. 'ನಮ್ಮ ಹುಡುಗಿಯಂಥಾಕಿ ಓಣ್ಯಾಗ ಯಾರದಾರ?' ಅನ್ನೋದು ಒಂದು. 'ಉಂಡೀಯಾ? ಪೇಪರ್ ಹೆಂಗಾತು? ಹೋಗ್ಲಿ ಬಿಡು, ಬಾ' ಅನ್ನೋದು ಇನ್ನೊಂದು. ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಳಿಸುತ್ತೀರಲ್ಲ, ಅದರಲ್ಲಿ ಯಾವ ಹೋಲಿಕೆಯೂ ಇರಲ್ಲ. ಅದು ಎರಡನೆಯದು. ಅದು ಸಾಕು ಅಂತಲ್ಲ, ಅದರ ಜೊತೆ ಒಂದು ಮಾತೂ ಇರಲಿ.

ಇನ್ನು ಮಕ್ಕಳೇ, ಏನು ಮಾಡೋದು ಅಂತ ಪಟ್ಟಿ ಕೊಡೋ ಅಭ್ಯಾಸ ನನಗಿಲ್ಲ. ಪಟ್ಟಿ ಕೊಟ್ಟರೆ ಅದನ್ನೂ ಪರೀಕ್ಷೆ ಮಾಡಿಕೊಂಡು, ಮೂರು ಮಾಡಿದೆ ಎರಡು ಬಿಟ್ಟೆ ಅಂತ ಕೊರಗುತ್ತೀರಿ. ನಾನು ನನ್ನ ವಿದ್ಯಾರ್ಥಿನಿಯರ ಜೊತೆ ಮಾಡೋದು ಒಂದಿದೆ. ಸೋತ ದಿನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡು ಸಾಲು ಬರೆಯಲು ಹೇಳುತ್ತೇನೆ. ಮೊದಲನೆಯದು, ಏನಾಯಿತು. ಎರಡನೆಯದು, ಇದೇ ನಿಮ್ಮ ಗೆಳತಿಗೆ ಆಗಿದ್ದರೆ ಏನು ಹೇಳುತ್ತಿದ್ದಿರಿ. 'ಬ್ಯಾಕ್ ಉಳೀತು. ನಾ ವೇಸ್ಟ್' ಅಂತ ತನಗೆ ಬರೆದುಕೊಳ್ಳೋಳು ಗೆಳತಿಗೆ ಎಂದೂ ಹಾಗೆ ಬರೆಯಲ್ಲ. 'ಸಪ್ಲಿಮೆಂಟರಿ ಐತಲ್ಲ, ಕೂಡಿ ಓದೂಣು' ಅಂತ ಬರೆಯುತ್ತಾಳೆ. ತನಗೇ ಗೆಳತಿಯಾಗೋ ಈ ಗುಣವನ್ನು ಕ್ರಿಸ್ಟಿನ್ ನೆಫ್ ಅನ್ನೋ ಸಂಶೋಧಕಿ 2003ರಿಂದ ಅಳೆಯುತ್ತಾ ಬಂದಿದ್ದಾರೆ. ಇದಕ್ಕೆ ಯಾರಿಗಿಂತಲೂ ಮೇಲಿರಬೇಕಾದ ಹಂಗಿಲ್ಲ. ನನಗೆ ಸ್ವಾಭಿಮಾನಕ್ಕಿಂತ ಇದೇ ಕೈಗೆಟುಕೋದು ಅನಿಸುತ್ತೆ.

ಇನ್ನೊಂದು, ಇದನ್ನು ಮಾತ್ರ ಬರೆದುಕೊಳ್ಳಿ. 14416. ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. 24 ತಾಸೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರ ಊಟ ಸೇರದಿದ್ದರೆ, ಬೆಳಗ್ಗೆ ಏಳೋಕೇ ಆಗದಿದ್ದರೆ, ಬದುಕೇ ಬೇಡ ಅನಿಸಿದರೆ ಆ ನಂಬರ್ ಒತ್ತಿ, ರೂಮಿನವಳಿಗೂ ಹೇಳಿ. ಅದು ಸೊಕ್ಕೂ ಅಲ್ಲ, ನಾಟಕವೂ ಅಲ್ಲ.

(ಪ್ರಶ್ನೆಗಳ ಹೊತ್ತಿನಲ್ಲಿ ಮೊದಲು ಕೆಲವರು ಪರೀಕ್ಷೆಯ ಬಗ್ಗೆ ಕೇಳಿದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ಅವರ ಮಗಳು ಸೆರಗು ಹಿಡಿದು ಜಗ್ಗುತ್ತಿದ್ದಳು.)

'ಅಕ್ಕೋರ, ನಾ ಆಕಿಗೆ ಸೊಕ್ಕು ಅಂತ ಬೈತೀನಿ. ಖರೇ. ಆದ್ರ ಇಕಿ ಅಂಗಡ್ಯಾಗ ಒಂದ್ ಸೋಪಿನ ರೇಟ್ ಕೇಳಾಕೂ ಹೆದರ್ತಾಳ. ಚಿಲ್ರಿ ಕಮ್ಮಿ ಕೊಟ್ರೂ ಸುಮ್ಮ ಬರ್ತಾಳ. ಸೊಕ್ಕಿದ್ದಾಕಿ ಹಿಂಗ ಇರ್ತಾಳೇನ್ರಿ?'

'ಇರಲ್ಲ ಅಮ್ಮಾ' ಅಂದೆ. 'ಮತ್ತೆ ಯಾಕೆ ಸೊಕ್ಕು ಅಂತೀರಿ?'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನಮ್ಮತ್ತಿ ನನಗ ಹಂಗ ಅಂತಿದ್ರು' ಅಂದರು. 'ನಾ ಎಸ್ಸೆಸ್ಸೆಲ್ಸಿ ಪಾಸ್ ಇದ್ದೆ ಅಂತ.'

ಹಾಲಿನಲ್ಲಿ ಯಾರೂ ನಗಲಿಲ್ಲ. ಮಗಳು ಸೆರಗು ಬಿಟ್ಟಳು. ಅಷ್ಟರಲ್ಲಿ ಮುದ್ದೇಬಿಹಾಳ ಬಸ್ಸಿಗೆ ಹೊತ್ತಾಯಿತು ಅಂತ ನಾಲ್ಕೈದು ತಾಯಂದಿರು ಎದ್ದರು. ಖಾಲಿ ಬುತ್ತಿ ಡಬ್ಬಿ ಹುಡುಕೋ ಗಡಿಬಿಡಿ ಶುರುವಾಯಿತು. ಬಿಸ್ಕತ್ ಡಬ್ಬಿ ಮಾತ್ರ ಇಲ್ಲೇ ಬಿಟ್ಟು ಹೋಗಿ ಮೇಡಂ, ಇನ್ನೂ ಬರೆಯೋರಿದ್ದಾರೆ ಅಂತ ಮಕ್ಕಳು ಕೇಳಿದರು. ಬಿಟ್ಟು ಬಂದೆ.